ಬೇಲಿಯ ಬಳಿ ಕೊಟ್ಟ ಮಾತು

ಫೋನು ಬಂದಾಗ ಲೊರೇನ್ ಹೇವರ್‌ಕ್ಯಾಂಪ್ ಎಲೆಕೋಸು ಹೆಚ್ಚುತ್ತಿದ್ದಳು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಮೊದಲ ಶುಕ್ರವಾರ ಮರುದಿನವೇ ಇತ್ತು. ಅಂದು ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಕರಿದು ಬಡಿಸುವುದು ವಾಡಿಕೆ. ಮೀನಿನ ಪಕ್ಕಕ್ಕೆ ಬೀಳುವ ಕೋಸಿನ ಪಚಡಿ ಲೊರೇನಳ ಪಾಲಿನ ಕೆಲಸ. ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಸವೆಸಿದವಳಿಗೆ ಒಂದು ಬುಟ್ಟಿ ಕೋಸು ಯಾವ ಲೆಕ್ಕ? ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕತ್ತಿ ಆಡಿಸುತ್ತಲೇ ಇದ್ದಳು.

"ಮಿಸ್ ಲೊರೇನ್, ನಾನು ಟ್ಯಾರಿನ್. ಶನಿವಾರ ಬೆಳಿಗ್ಗೆ ಆರೂವರೆಗೆ ತಂದು ಬಿಟ್ರೆ ಆಗುತ್ತಾ?"

"ಏನನ್ನಮ್ಮ?"

"ರೋರಿನ. ನನ್ನ ಮಗನ್ನ. ಶನಿವಾರ ನಾನು ನೋಡ್ಕೋತೀನಿ ಅಂದಿದ್ರಲ್ಲ ನೀವು? ಮೇಲ್ವಿಚಾರಕಿ ಹೊಸಬಳು ಬಂದಿದಾಳೆ. ಶನಿವಾರ ಬರಲ್ಲ ಅಂದ್ರೆ ಬೇರೆ ದಿನಾನೂ ಬರಬೇಡ ಅಂತಾಳೆ. ಶಿಶುವಿಹಾರ ಶನಿವಾರ ತೆಗೆಯಲ್ಲ."

ಕತ್ತಿ ನಿಂತಿತು. ಲೊರೇನಳಿಗೆ ಎಲ್ಲ ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಅದು ಕಳೆದ ಏಪ್ರಿಲ್ ತಿಂಗಳ ಮಾತು. ಊರಂಚಿನ ರಸ್ತೆಯಲ್ಲಿ, ಟೈರಿನಂಗಡಿಯ ಪಕ್ಕದಲ್ಲಿ, ಗರ್ಭ ತೆಗೆಸುವ ಕ್ಲಿನಿಕ್ಕಿದೆ. ನದಿಯಾಚೆಯ ರಾಜ್ಯದಲ್ಲಿ ಕಾನೂನು ಬಿಗಿಯಾದ ಮೇಲೆ ಅಲ್ಲಿಂದಲೂ ಹೆಂಗಸರು ಸೇತುವೆ ದಾಟಿ ಬರತೊಡಗಿದರು. ಕ್ಲಿನಿಕ್ಕಿನ ಬೇಲಿಯ ಹೊರಗೆ, ಕಾರು ಒಳಗೆ ತಿರುಗುವ ಜಾಗದಲ್ಲಿ, ಪ್ರತಿ ಶನಿವಾರ ಬೆಳಿಗ್ಗೆ ಲೊರೇನ್ ಮತ್ತು ಅವಳ ಚರ್ಚಿನ ಹತ್ತು ಹನ್ನೆರಡು ಜನ ಜಪಸರ ಹಿಡಿದು ನಿಲ್ಲುತ್ತಿದ್ದರು. ಹೆಚ್ಚಿನವರ ಕೆಲಸ ಪ್ರಾರ್ಥನೆ. ಕಾರಿನ ಹತ್ತಿರ ಹೋಗಿ ಮಾತಾಡುವುದು ಲೊರೇನಳದು. ಅವಳ ಮುಖ ನೋಡಿದರೆ ಯಾರಿಗೂ ಹೆದರಿಕೆಯಾಗುತ್ತಿರಲಿಲ್ಲ. ಇನ್ನೊಂದು ಸೌಟು ಸಾರು ಹಾಕಲೇ ಎಂದು ಕೇಳುವ ಮುಖ ಅದು. ಕೂಗಾಡುವವರನ್ನು, ರಕ್ತದ ಚಿತ್ರ ಹಿಡಿಯುವವರನ್ನು ಅವಳು ಹತ್ತಿರ ಸೇರಿಸುತ್ತಿರಲಿಲ್ಲ. ಹೊಟ್ಟೆಯೊಳಗಿನದು ಮಗುವೇ, ಅದನ್ನು ಕಳೆಯುವುದು ತಪ್ಪು ಎಂದು ಅವಳು ನಂಬಿದ್ದಳು, ಅಷ್ಟೆ. ಈ ಕತೆ ಮುಗಿಯುವಾಗಲೂ ಹಾಗೆಯೇ ನಂಬಿದ್ದಾಳೆ. ಅವಳು ಮನಸ್ಸು ಬದಲಿಸುತ್ತಾಳೆಂದು ಕಾಯುವವರು ಕಾಯುವುದು ಬೇಡ.

ಬೇಲಿಯ ಬಳಿ ಆಡಬೇಕಾದ ಮಾತನ್ನು ಚರ್ಚಿನಲ್ಲಿ ಎಲ್ಲರಿಗೂ ಕಲಿಸಿದ್ದರು. ಕಲಿಸಿದವನು ಗುಂಪಿನ ಮುಖಂಡ ಕ್ಲೆಮ್ ವಾಸ್. ವಿಮೆ ಮಾರಿ ನಿವೃತ್ತನಾದವನು, ಮಾತಿನಲ್ಲೇ ಮನೆ ಕಟ್ಟಿದವನು. "ಹೆದರಿಸಬೇಡಿ, ಬೈಬೇಡಿ. ಯಾವುದು ಅಡ್ಡಿ ಆಗ್ತಿದೆ ಅಂತ ಕೇಳಿ. ಅವಳು ಏನೇ ಹೇಳಲಿ, ಅದನ್ನ ನಾನು ನೋಡ್ಕೋತೀನಿ ಅನ್ನಿ. ನಾವು ಅನ್ನಬೇಡಿ, ನಾನು ಅನ್ನಿ. ನಾವು ಅಂದ್ರೆ ಯಾರಿಗೂ ನಂಬಿಕೆ ಬರಲ್ಲ."

ಆ ಶನಿವಾರ ಬಾಗಿಲು ನೆಗ್ಗಿದ ನೀಲಿ ಕಾರೊಂದು ತಿರುವಿನಲ್ಲಿ ನಿಂತಿತು. ಗಾಜು ಬೆರಳಷ್ಟು ಇಳಿಯಿತು. ಲೊರೇನ್ ಕೇಳಿದಳು: "ಯಾವುದು ಅಡ್ಡಿ ಆಗ್ತಿದೆ, ಮಗಳೇ?"

ಬೇರೆ ಹುಡುಗಿಯರು ಅಳುತ್ತಿದ್ದರು, ಇಲ್ಲವೇ ಗಾಜು ಏರಿಸುತ್ತಿದ್ದರು. ಈ ಹುಡುಗಿ ಅಂಗಡಿಯಲ್ಲಿ ಬೆಲೆ ಕೇಳುವಂತೆ ಕೇಳಿದಳು: "ಶನಿವಾರ ಯಾರು ನೋಡ್ಕೋತಾರೆ? ದೊಡ್ಡ ಮಗಳು ಶನಿವಾರ ಅವರಪ್ಪನ ಮನೆಗೆ ಹೋಗ್ತಾಳೆ. ಇದರ ಅಪ್ಪ ಎಲ್ಲಿದಾನೋ ಗೊತ್ತಿಲ್ಲ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯೋ ಕೆಲಸ ನಂದು, ಇವತ್ತಲ್ಲ ನಾಳೆ ಶನಿವಾರ ಕರೆದೇ ಕರೀತಾರೆ. ಉಳಿದಿದ್ದೆಲ್ಲ ಹೇಗೋ ಮಾಡ್ತೀನಿ. ಶನಿವಾರ ಹೇಳಿ."

"ನಾನು ನೋಡ್ಕೋತೀನಿ," ಎಂದಳು ಲೊರೇನ್.

"ನೀವಾ?"

"ನಾನೇ. ತಗೋ ನನ್ನ ನಂಬರು."

ಹುಡುಗಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾರು ಹಿಂದಕ್ಕೆ ತಿರುಗಿತು. ಹೀಗೆ ಕಾರು ತಿರುಗಿದಾಗಲೆಲ್ಲ ಕ್ಲೆಮ್ ಒಂದು ಹಿತ್ತಾಳೆಯ ಕೈಗಂಟೆ ಬಾರಿಸುತ್ತಿದ್ದ. ಹಳೆಯ ಶಾಲೆಯ ಗಂಟೆ. ಅಂದು ಕೈ ನೋಯುವ ತನಕ ಬಾರಿಸಿದ. ಶರತ್ಕಾಲದಲ್ಲಿ ಚರ್ಚಿನವರು ಟ್ಯಾರಿನ್‌ಗೆ ಸೀಮಂತ ಮಾಡಿದರು. ಆಟದ ತಳ್ಳುಗಾಡಿ ತುಂಬ ಡೈಪರು, ಬೆಣ್ಣೆ ಸುರಿಯುವ ಕೇಕು, ಹೆಣೆದ ಟೋಪಿಗಳು. ಮಗು ಹುಟ್ಟಿತು, ಚರ್ಚಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಎರಡು ಸಾಲು ಬಂತು. ಅಲ್ಲಿಗೆ ಎಲ್ಲರ ಮಟ್ಟಿಗೂ ಕತೆ ಮುಗಿದಿತ್ತು. ಲೊರೇನಳ ಮಟ್ಟಿಗೂ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಲೊರೇನ್ ಈ ಮಾತನ್ನು ಆಡಿದ್ದು ಶನಿವಾರಕ್ಕೆ. ಅವಳು ಬೇಲಿಗೆ ಹೋಗುವುದೂ ಶನಿವಾರವೇ. ಕ್ಲಿನಿಕ್ಕು ಆ ಕೆಲಸಕ್ಕೆ ತೆರೆಯುವ ದಿನವೇ ಅದು. ಹನ್ನೊಂದು ವರ್ಷದಿಂದ, ಗಂಡ ಸತ್ತ ವಾರವೂ ಸೇರಿ, ಅವಳು ತಪ್ಪಿಸಿದ್ದಿಲ್ಲ.

"ಆಗುತ್ತಮ್ಮ, ಕರ್ಕೊಂಡು ಬಾ," ಎಂದು ಫೋನಿಟ್ಟಳು. ಇಟ್ಟವಳೇ ಕ್ಲೆಮ್‌ಗೆ ಫೋನು ಮಾಡಿದಳು.

"ಅಯ್ಯೋ, ಅದೊಂದು ಮಾತಿಗೆ ಅಂದಿದ್ದು ಕಣಮ್ಮ," ಎಂದ ಕ್ಲೆಮ್. "ತಾಯಂದಿರ ಸಹಾಯ ಕೇಂದ್ರ ಇದೆಯಲ್ಲ, ಅಲ್ಲಿಗೆ ಕಳಿಸು."

"ಅದು ಸೋಮವಾರದಿಂದ ಶುಕ್ರವಾರ."

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕೇಳು."

ಕೇಳಿದಳು. ಜಪ ಮಾಡುವವರಲ್ಲಿ ಒಬ್ಬಳಿಗೆ ಸೊಂಟ ನೋವು. ಒಬ್ಬಳಿಗೆ ಮೊಮ್ಮಗನ ಪಂದ್ಯ. ಇನ್ನೊಬ್ಬಳು, "ನಾನು ಬೇಲಿಗೆ ಹೋಗಬೇಕಲ್ಲ ಲೊರೇನ್," ಎಂದಳು. ಲೊರೇನಳ ಮನಸ್ಸಿನಲ್ಲಿದ್ದದ್ದೂ ಅದೇ.

ಶನಿವಾರ ಬೆಳಿಗ್ಗೆ ಟ್ಯಾರಿನ್ ಬಂದಳು. ಮೈಮೇಲೆ ನೇರಳೆ ಸಮವಸ್ತ್ರ, ಒಂದು ಕೈಯಲ್ಲಿ ಮಗುವಿನ ಬುಟ್ಟಿ, ಇನ್ನೊಂದರಲ್ಲಿ ಚೀಲ. "ಹಾಲು ಬಾಟಲಿಯಲ್ಲಿದೆ. ತೇಗಿಸದೆ ಮಲಗಿಸಿದ್ರೆ ಊರು ಒಂದು ಮಾಡ್ತಾನೆ. ಮೂರಕ್ಕೆ ಬರ್ತೀನಿ." ಬಾಗಿಲಲ್ಲಿ ನಿಂತು ತಿರುಗಿದಳು. "ನಿಜ ಹೇಳಲಾ ಮಿಸ್ ಲೊರೇನ್? ನೀವು ಇಲ್ಲ ಅಂತೀರಿ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ಲೊರೇನ್. ಟ್ಯಾರಿನ್ ನಕ್ಕಳು. ಲೊರೇನ್ ಆ ಹುಡುಗಿಯ ನಗು ಕಂಡದ್ದು ಅದೇ ಮೊದಲು.

ತೇಗಿಸಿ ಮಲಗಿಸಿದರೂ ರೋರಿ ಊರು ಒಂದು ಮಾಡಿದ. ತೊಡೆಯ ಮೇಲೆ ಹಾಕಿಕೊಂಡರೆ ಅಳು, ಇಳಿಸಿದರೆ ಅಳು. ಅಡುಗೆಮನೆಯಲ್ಲಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆದರೆ ಮಾತ್ರ ಸುಮ್ಮನೆ. ಲೊರೇನಳ ಮಂಡಿ ಬಾತವು. ಮಧ್ಯಾಹ್ನ ಅವನು ಅವಳ ಕೊರಳಿಗೆ ಮೂಗು ಒತ್ತಿ ಮಲಗಿದಾಗ, ಎದ್ದರೆ ಎಚ್ಚರವಾದೀತೆಂದು ಅವಳು ಉಚ್ಚೆ ಬಂದರೂ ಕುರ್ಚಿ ಬಿಟ್ಟೇಳಲಿಲ್ಲ. ಇಷ್ಟು ವರ್ಷ ಇಂಥ ಎಷ್ಟೋ ಕಂದಮ್ಮಗಳಿಗಾಗಿ ಪ್ರಾರ್ಥಿಸಿದ್ದಳು. ಅವುಗಳಲ್ಲಿ ಒಂದು ತನ್ನ ಮೇಲೆ ಹಾಲು ಕಕ್ಕಿದ್ದು ಇದೇ ಮೊದಲು. ಅವಳಿಗೆ ಸಂತೋಷವಾಯಿತು, ಯಾರಿಗೂ ಹೇಳದೆ ಒಬ್ಬಳೇ ಅನುಭವಿಸಿದ ಸಂತೋಷ.

ಒಂದು ಶನಿವಾರ ಎರಡಾಯಿತು, ಎರಡು ನಾಲ್ಕಾಯಿತು. ರೋರಿ ಅವಳ ದನಿ ಕೇಳಿದರೆ ಕಾಲು ಬಡಿಯಲು ಕಲಿತ. ಟ್ಯಾರಿನ್ ಮೂರಕ್ಕೆ ಬಂದರೆ ಈಗ ಐದು ನಿಮಿಷ ಕೂತು ಕಾಫಿ ಕುಡಿದು ಹೋಗುತ್ತಿದ್ದಳು. ಒಂದು ದಿನ ಕೂತಲ್ಲೇ, ಬೂಟು ಕೂಡ ಬಿಚ್ಚದೆ, ನಿದ್ದೆ ಹೋದಳು. ಲೊರೇನ್ ಹೊದಿಕೆ ಹೊದಿಸಿ ಮಗುವಿಗೆ ಇನ್ನೊಂದು ಬಾಟಲಿ ಕಾಯಿಸಿದಳು.

ಆದರೆ ಪ್ರತಿ ಶನಿವಾರ ಸಂಜೆ ಕ್ಲೆಮ್‌ನ ಫೋನು ಬರುತ್ತಿತ್ತು. "ಇವತ್ತು ಐದು ಕಾರು ಒಳಗೆ ಹೋದ್ವು. ಒಂದೂ ನಿಲ್ಲಲಿಲ್ಲ. ಮಾತಾಡೋಳು ನೀನು, ನೀನೇ ಇಲ್ಲ. ನಾನು ಹತ್ತಿರ ಹೋದ್ರೆ ಪೊಲೀಸಪ್ಪ ಬಂದ ಅನ್ನೋ ಹಾಗೆ ಗಾಜು ಏರಿಸ್ತಾರೆ. ಒಂದು ಮಗು ಎತ್ಕೊಂಡು ಕೂತಿದೀಯ ಲೊರೇನ್, ಸರಿ. ಆ ಐದು?"

ಆ ಮಾತು ಅವಳ ಎದೆಗೆ ನಾಟಿತು. ನಂಬಿದವಳಿಗೆ ನಾಟದೆ ಇರುತ್ತದೆಯೇ? ರಾತ್ರಿ ಹಾಸಿಗೆಯಲ್ಲಿ ಅವಳು ಆ ಐದು ಕಾರುಗಳ ಬಣ್ಣ ಊಹಿಸುತ್ತ ಮಲಗುತ್ತಿದ್ದಳು. ಟ್ಯಾರಿನ್‌ಗೆ ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಕಾಫಿಗೆ ಸಕ್ಕರೆ ಬೇಕಾ ಎಂದು ಕೇಳಿ ಮುಚ್ಚಿದಳು.

ಕೊನೆಗೆ ದಾರಿ ಹುಡುಕಿದವನು ಕ್ಲೆಮ್. "ಅಲ್ಲಮ್ಮ, ಮಗೂನ ಕರ್ಕೊಂಡೇ ಬಾರೇ! ತಳ್ಳುಗಾಡಿಯಲ್ಲಿ ಮಲಗಿರ್ತಾನೆ. ನೀನೂ ಬಂದ ಹಾಗಾಯ್ತು, ಮಗೂನೂ ನೋಡ್ಕೊಂಡ ಹಾಗಾಯ್ತು."

ಲೊರೇನ್ ಒಂದು ದಿನ ಯೋಚಿಸಿದಳು. ಟ್ಯಾರಿನ್‌ಳನ್ನು ಕೇಳಬೇಕೆಂದು ಹೊಳೆಯಲಿಲ್ಲವೆಂದಲ್ಲ. ಕೇಳಿದರೆ ಬೇಡ ಎಂದಾಳೆಂದು ಕೇಳಲಿಲ್ಲ. ಸುಳ್ಳೇಕೆ, ಅವಳಿಗೂ ಆಸೆಯಿತ್ತು. ಅದೇ ತಿರುವಿನಲ್ಲಿ, ಅದೇ ಮಗುವನ್ನು ಎತ್ತಿಕೊಂಡು ನಿಲ್ಲುವ ಆಸೆ.

ಆ ಶನಿವಾರ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ತಿರುವಿನ ಇನ್ನೊಂದು ಪಕ್ಕದಲ್ಲಿ ಎಂದಿನಂತೆ ರೂತ್ ಆನ್ ನಿಂತಿದ್ದಳು. ಬರುವ ಹೆಂಗಸರನ್ನು ಕೊಡೆ ಹಿಡಿದು ಕ್ಲಿನಿಕ್ಕಿನ ಬಾಗಿಲಿಗೆ ತಲುಪಿಸುವುದು ಅವಳ ಸೇವೆ. ಅದಕ್ಕೊಂದು ಕಿತ್ತಳೆ ಬಣ್ಣದ ಮೇಲಂಗಿ. ಅವಳೂ ಲೊರೇನಳೂ ಒಂದೇ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಏಟು ತಿಂದು ಓದಿದವರು. ಈಗ ಇಬ್ಬರ ನಡುವೆ ಇರುವುದು ಹವಾಮಾನದ ಮಾತು ಮಾತ್ರ. ರೂತ್ ಆನ್ ಮಗುವನ್ನು ನೋಡಿದಳು, ಲೊರೇನಳನ್ನು ನೋಡಿದಳು.

"ಯಾರದೇ ಅದು?"

"ನೋಡ್ಕೋತಾ ಇದೀನಿ."

"ಇಲ್ಲಿ ನಿಂತಾ?" ಎಂದಳು ರೂತ್ ಆನ್. ಆಮೇಲೆ, ಬೇಲಿಯನ್ನು ನೋಡುತ್ತ, "ಟೋಪಿ ಕಿವಿ ಮೇಲಿಂದ ಜಾರಿದೆ. ಎಳೀ," ಎಂದಳು.

ಕ್ಲೆಮ್ ಗಾಡಿಯಿಂದ ಮಗುವನ್ನು ಎತ್ತಿಕೊಂಡು ಗುಂಪಿನ ಫಲಕದ ಪಕ್ಕ ನಿಂತ. ಯಾರೋ ಫೋಟೋ ತೆಗೆದರು. ಅಷ್ಟರಲ್ಲಿ ಬಿಳಿ ಕಾರೊಂದು ತಿರುವಿಗೆ ಬಂದು ನಿಧಾನವಾಯಿತು. ಕ್ಲೆಮ್ ಮಗುವನ್ನು ಗಾಜಿನ ಎತ್ತರಕ್ಕೆ ಹಿಡಿದ. ಒಳಗಿದ್ದ ಹೆಂಗಸಿಗೆ ನಲವತ್ತರ ಹತ್ತಿರ ಇರಬೇಕು; ಹಿಂದಿನ ಸೀಟಿನಲ್ಲಿ ಮಕ್ಕಳ ಆಸನ ಎರಡಿದ್ದವು. ಅವಳು ಮಗುವನ್ನು ಕಂಡವಳೇ ಕೈಯಿಂದ ಮುಖ ಮುಚ್ಚಿಕೊಂಡಳು. ಕಾರು ಒಳಗೆ ಹೋಯಿತು.

ಲೊರೇನಳಿಗೆ ಯಾವುದು ಅಡ್ಡಿ ಎಂದು ಕೇಳಲೂ ಆಗಲಿಲ್ಲ.

"ನೋಡಿದ್ಯಾ? ತಟ್ಟಿತು ಅವಳಿಗೆ, ಮನಸ್ಸಿಗೆ ತಟ್ಟಿತು!" ಎಂದ ಕ್ಲೆಮ್. ಉತ್ಸಾಹಕ್ಕೆ ಇನ್ನೊಂದು ಕೈಯಲ್ಲಿದ್ದ ಗಂಟೆ ಅಲುಗಿತು. ರೋರಿ ಬೆಚ್ಚಿಬಿದ್ದು ಕಿರುಚಿದ. ಅವನು ಹಾಗೆ ಕಿರುಚಿದ್ದನ್ನು ಲೊರೇನ್ ಕೇಳಿರಲಿಲ್ಲ. ಅವನನ್ನು ಕಿತ್ತುಕೊಂಡು, ಕೋಟಿನೊಳಗೆ ಹುದುಗಿಸಿಕೊಂಡು, ಜಪ ಮುಗಿಯುವ ಮೊದಲೇ ಮನೆಗೆ ಹೊರಟಳು. ಆದರೆ ತಪ್ಪು ಆಗಿಹೋಗಿತ್ತು.

ಟ್ಯಾರಿನ್ ಭಾನುವಾರ ಪೂಜೆಯ ಹೊತ್ತು ಕಳೆದ ಮೇಲೆ ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು ಮೊಬೈಲು ಚಾಚಿದಳು. ಗುಂಪಿನ ಫೇಸ್‌ಬುಕ್ ಪುಟದಲ್ಲಿ ರೋರಿಯ ಮುಖ, ಮೇಲೆ ಬರಹ: ನಮ್ಮ ಬೇಲಿ ಉಳಿಸಿದ ಜೀವ.

"ನನ್ನ ಜೊತೆ ಬಟ್ಟೆ ಮಡಿಸೋಳು ತೋರಿಸಿದ್ಲು," ಎಂದಳು ಟ್ಯಾರಿನ್. ದನಿ ಏರಲಿಲ್ಲ. "ಇದು ನಿನ್ನ ಮಗ ಅಲ್ವೇನೇ, ಇದನ್ನ ತೆಗೆಸೋಕೆ ಹೋಗಿದ್ಯಾ ಅಂತ ಕೇಳಿದ್ಲು. ನಾನು ನಮ್ಮಮ್ಮನಿಗೂ ಹೇಳಿರಲಿಲ್ಲ ಮಿಸ್ ಲೊರೇನ್. ಆ ಬೆಳಿಗ್ಗೆಯ ವಿಷಯ ಗೊತ್ತಿದ್ದಿದ್ದು ನನಗೆ, ನಿಮಗೆ, ನಿಮ್ಮ ಗುಂಪಿಗೆ. ನೀವು ಚರ್ಚಿನವರು, ಬಾಯಿ ಬಿಡಲ್ಲ ಅಂದ್ಕೊಂಡೆ."

"ಟ್ಯಾರಿನ್, ನಾನು..."

"ಇವನು ಒಂದಿನ ಓದೋದು ಕಲೀತಾನೆ. ಆವಾಗ ಇದನ್ನ ಓದ್ತಾನೆ. ನಮ್ಮಮ್ಮನಿಗೆ ನಾನು ಬೇಡ ಆಗಿದ್ದೆ ಅಂತ ಫೇಸ್‌ಬುಕ್ ನೋಡಿ ತಿಳ್ಕೋಬೇಕಾ ಅವನು?" ಅವಳು ಮೊಬೈಲನ್ನು ಜೇಬಿಗೆ ಹಾಕಿದಳು. "ನೀವು ಮಾತು ಕೊಟ್ಟಿದ್ದು ನನಗೆ. ಅವರಿಗಲ್ಲ. ನೋಡ್ಕೋತೀನಿ ಅಂದ್ರಿ, ತೋರಿಸ್ತೀನಿ ಅನ್ನಲಿಲ್ಲ."

ತಪ್ಪಾಯಿತು ಎಂದಳು ಲೊರೇನ್. ಆ ಒಂದು ಪದ ಅವಳ ಬಾಯಿಂದ ಸಣ್ಣಗೆ ಬಂತು. ಟ್ಯಾರಿನ್ ಒಳಕೋಣೆಯಲ್ಲಿ ಉಳಿದಿದ್ದ ಬಾಟಲಿ, ಟೋಪಿ, ಹೊದಿಕೆ ಕೇಳಿ ಪಡೆದುಕೊಂಡು ಹೋದಳು.

ಲೊರೇನ್ ಅಂದೇ ಕ್ಲೆಮ್‌ನ ಮನೆಗೆ ಹೋದಳು. ಅವನು ಅಂಗಳದಲ್ಲಿ ಹಂದಿಮಾಂಸ ಸುಡುತ್ತಿದ್ದ.

"ಆ ಫೋಟೋನ ಪುಟದಿಂದ ತೆಗಿ."

"ಎಷ್ಟು ಜನ ನೋಡಿದಾರೆ ಗೊತ್ತಾ? ಯಾರೋ ಟೆಕ್ಸಸ್‌ನಿಂದ ಬರೆದಿದಾರೆ, ಕಣ್ಣಲ್ಲಿ ನೀರು ಬಂತು ಅಂತ."

"ಅವರ ಕಣ್ಣೀರು ಅವರೇ ಒರೆಸಿಕೊಳ್ಳಲಿ. ತೆಗಿ."

"ಹುಡುಗಿಗೆ ಉಪಕಾರ ಮಾಡಿದೀವಿ ಲೊರೇನ್. ಒಂದು ಗಾಡಿ ಡೈಪರು..."

"ಕ್ಲೆಮ್," ಎಂದಳು ಲೊರೇನ್, "ಆ ಡೈಪರು ಎಷ್ಟು ದಿನ ಬಂತು ಅಂತ ನಿನಗೆ ಗೊತ್ತಾ? ನನಗೆ ಗೊತ್ತು. ನಾನು ಬದಲಾಯಿಸ್ತಾ ಇದೀನಿ. ತೆಗಿ, ಇಲ್ಲ ಅಂದ್ರೆ ಮುಂದಿನ ಭಾನುವಾರ ಪೂಜೆ ಮಧ್ಯೆ ಎದ್ದು ನಿಂತು ಕೇಳ್ತೀನಿ." ಅವಳು ಕೇಳಿಯೇ ಬಿಡುವವಳೆಂದು ಕ್ಲೆಮ್‌ಗೆ ಗೊತ್ತಿತ್ತು. ಮಾಂಸ ತಿರುವುವ ಇಕ್ಕಳವನ್ನು ಕೆಳಗಿಟ್ಟು, ಮೊಬೈಲು ಹೊರಗೆಳೆದು ಫೋಟೋ ಅಳಿಸಿದ.

ವಾರವೆಲ್ಲ ಅವಳು ಟ್ಯಾರಿನ್‌ಗೆ ಫೋನು ಮಾಡಿದಳು. ಎತ್ತಲಿಲ್ಲ. ಒಂದು ಸಂದೇಶ ಬಿಟ್ಟಳು: ಫೋಟೋನ ಪುಟದಿಂದ ತೆಗೆಸಿದೀನಿ. ಶನಿವಾರ ಮನೆಯಲ್ಲೇ ಇರ್ತೀನಿ. ನೀನು ಬಂದ್ರೂ ಇರ್ತೀನಿ, ಬರದಿದ್ರೂ ಇರ್ತೀನಿ.

ಶನಿವಾರ ಬೆಳಿಗ್ಗೆ ಬಾಟಲಿಗೆಂದು ನೀರು ಬಿಸಿಗಿಟ್ಟು ಕಿಟಕಿಯ ಬಳಿ ಕೂತಳು. ಆರೂವರೆ ದಾಟಿತು. ಬಿಸಿನೀರು ಆರಿತು. ಹುಡುಗಿ ಕೆಲಸ ಕಳೆದುಕೊಂಡಳೇ, ಮಗುವನ್ನು ಯಾವ ಗುರುತಿಲ್ಲದವರ ಕೈಗೆ ಕೊಟ್ಟಳೇ ಎಂದು ರಸ್ತೆಯನ್ನೇ ನೋಡಿದಳು. ಬೇಲಿಗೆ ಹೋದರೆ ಸಮಯಕ್ಕೆ ಸರಿಯಾಗಿ ತಲುಪಬಹುದಿತ್ತು. ಕೋಟೂ ಜಪಸರವೂ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತಿದ್ದವು. ಅವಳು ಏಳಲಿಲ್ಲ. ಮತ್ತೆ ನೀರಿಟ್ಟಳು.

ಏಳಕ್ಕೆ ನೀಲಿ ಕಾರು ಬಂತು. ಟ್ಯಾರಿನ್ ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟಳು. ಮುಖ ಗಂಟು.

"ನಾನೇನು ಮರೆತಿಲ್ಲ. ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ ಬಂದೆ."

"ಗೊತ್ತು."

"ಈ ಮನೆ ಬಿಟ್ಟು ಎಲ್ಲಿಗೂ ಕರ್ಕೊಂಡು ಹೋಗಬಾರದು."

"ಹಿತ್ತಲಿಗೂ ಹೋಗಲ್ಲ."

"ಹಿತ್ತಲಿಗೆ ಹೋಗಿ," ಎಂದಳು ಟ್ಯಾರಿನ್, ಸಿಡುಕಿನಿಂದಲೇ. "ಬಿಸಿಲು ಬೇಕು ಅವನಿಗೆ." ತಡವಾಗಿತ್ತು; ಓಡಿದಳು.

ರೋರಿ ಲೊರೇನಳ ದನಿಗೆ ಕಾಲು ಬಡಿದ. ಅವನಿಗೆ ಗಂಟೆಯೂ ನೆನಪಿರಲಿಲ್ಲ, ಮುನಿಸೂ ಗೊತ್ತಿರಲಿಲ್ಲ. ಲೊರೇನ್ ಅವನನ್ನು ಭುಜಕ್ಕೆ ಹಾಕಿಕೊಂಡು ಒಲೆಯಿಂದ ಕಿಟಕಿಗೆ ನಡೆಯುತ್ತ ಸ್ವಲ್ಪ ಅತ್ತಳು.

ಫೋನು ಬಡಿದುಕೊಂಡಿತು. ಕ್ಲೆಮ್. ಬೇಲಿಯ ಬಳಿಯ ಗಾಳಿ ಫೋನಿನೊಳಗೂ ಬೀಸುತ್ತಿತ್ತು. ಅವನು ಪಿಸುಗುಟ್ಟುತ್ತಿದ್ದ.

"ಲೊರೇನ್, ಒಂದು ಕಾರು ನಿಂತಿದೆ. ಚಿಕ್ಕ ಹುಡುಗಿ. ಗಾಜು ಇಳಿಸಿದಾಳೆ, ನನ್ನ ಹತ್ತಿರಾನೇ! ಯಾವುದು ಅಡ್ಡಿ ಅಂದೆ. ರಾತ್ರಿ ಪಾಳಿ ಇದೆಯಂತೆ, ರಾತ್ರಿ ಯಾರು ನೋಡ್ಕೋತಾರೆ ಅಂತ ಕೇಳ್ತಾಳೆ. ಏನು ಹೇಳಲಿ? ಬೇಗ ಹೇಳು."

ಲೊರೇನ್ ಮಗುವಿನ ಬೆನ್ನು ತಟ್ಟುತ್ತಿದ್ದಳು. ಕ್ಲೆಮ್‌ಗಿಂತ ಹೆಚ್ಚಾಗಿ ಅವಳಿಗೆ ಬೇಕಿತ್ತು ಆ ಕಾರು ತಿರುಗುವುದು. ದೇವರಿಗೆ ಗೊತ್ತು.

"ನೀನು ನೋಡ್ಕೋತೀಯಾ?" ಎಂದು ಕೇಳಿದಳು.

"ನಾನಾ?"

"ನಾವು ಅನ್ನಬೇಡಿ, ನಾನು ಅನ್ನಿ ಅಂತ ಹೇಳ್ಕೊಟ್ಟವನು ನೀನೇ ಅಲ್ವಾ? ರಾತ್ರಿ ಮಗು ಅತ್ರೆ ನೀನು ಎದ್ದೇಳ್ತೀಯಾ?"

"ನನಗೆ ಎಪ್ಪತ್ತೆರಡು ವಯಸ್ಸು ಕಣಮ್ಮ."

"ಹಾಗಾದ್ರೆ ಅವಳಿಗೆ ಅದನ್ನೇ ಹೇಳು," ಎಂದಳು ಲೊರೇನ್.

ಕ್ಲೆಮ್ ಫೋನನ್ನು ಕಿವಿಯಿಂದ ಇಳಿಸಿದ್ದಿರಬೇಕು. ಗಾಳಿಯ ಸದ್ದು ಜೋರಾಯಿತು, ಅದರ ಹಿಂದೆ ನಿಂತಲ್ಲೇ ಗುರುಗುಟ್ಟುವ ಕಾರು. ಕಾರು ತಿರುಗಿತೆಂದು ಸಾರುವ ಗಂಟೆಗಾಗಿ ಲೊರೇನ್ ಕಿವಿಗೊಟ್ಟು ನಿಂತಳು. ಭುಜದ ಮೇಲೆ ರೋರಿ ದೊಡ್ಡದಾಗಿ ತೇಗಿ, ಅವಳ ಒಗೆದ ಅಂಗಿಯ ಮೇಲೆ ಹಾಲು ಕಕ್ಕಿದ.